ಭತ್ಯೆಯೂ ಇರಲಿ, ದುಡಿಮೆಯೂ ಇರಲಿ

ಕೆಲಸ ಕಳೆದುಕೊಂಡವರಿಗೆ ಸರ್ಕಾರ ಭತ್ಯೆ ಕೊಡುವ ದೇಶಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ಮೈಯಲ್ಲಿ ಕಸುವಿರುವವರು ಸರ್ಕಾರದ ಮುಂದೆ ಕೈಯೊಡ್ಡುವುದೇಕೆ? ದಿನಕ್ಕೆರಡು ಗಂಟೆ ಯಾವುದಾದರೂ ಕಚೇರಿಯ ನೆಲ ಒರೆಸಿ ದುಡಿಯಬಾರದೇ? ದುಡಿಮೆಯ ಬಗ್ಗೆ ಗೌರವವಿರುವ ಯಾರೂ ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಆದರೆ ಭತ್ಯೆಯನ್ನೂ ದುಡಿಮೆಯನ್ನೂ ಎದುರುಬದುರು ನಿಲ್ಲಿಸಿ ಒಂದನ್ನು ಆರಿಸಿಕೋ ಎನ್ನುವುದು ಸರಿಯಲ್ಲ. ಅರೆಕಾಲಿಕ ಕೆಲಸಕ್ಕೆ ಇಳಿದವರು ಪೂರ್ಣ ಸಂಬಳದ ಕೆಲಸ ಮುಟ್ಟುವವರೆಗೆ ಬೀಳದಂತೆ ನೋಡಿಕೊಳ್ಳುವುದೇ ಭತ್ಯೆಯ ಉದ್ದೇಶವಾಗಬೇಕು.

ಜರ್ಮನಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಎರಡು ಬಗೆಯ ನೆರವಿದೆ. ಮೊದಲನೆಯದು ನಿರುದ್ಯೋಗ ವಿಮೆ. ಕೆಲಸದಲ್ಲಿದ್ದಾಗ ನೌಕರರು ಮತ್ತು ಮಾಲೀಕರು ತಿಂಗಳು ತಿಂಗಳು ಕಟ್ಟಿದ ಹಣದಿಂದಲೇ ಅದು ನಡೆಯುತ್ತದೆ. ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67ರಷ್ಟು ಹಣ ಒಂದಷ್ಟು ಕಾಲ ಸಿಗುತ್ತದೆ. ಅದನ್ನು ಪಡೆಯುವವರನ್ನು ಬಿಟ್ಟಿ ಉಣ್ಣುವವರು ಎನ್ನಲಾಗದು. ತಾವೇ ಕಟ್ಟಿದ ವಿಮೆಯನ್ನು ಅವರು ಕೇಳುತ್ತಿದ್ದಾರೆ. ಎರಡನೆಯದು ತೆರಿಗೆ ಹಣದಿಂದ ಕೊಡುವ ಕನಿಷ್ಠ ಜೀವನಾಧಾರ. 2023ರ ಜನವರಿಯಲ್ಲಿ ಅದಕ್ಕೆ ‘ಬ್ಯೂರ್ಗರ್‌ಗೆಲ್ಡ್’ ಎಂಬ ಹೆಸರು ಬಂತು. 2025ರಲ್ಲಿ ಒಂಟಿ ವ್ಯಕ್ತಿಗೆ ತಿಂಗಳಿಗೆ 563 ಯೂರೊ ಕೊಟ್ಟು, ಮಿತಿಯೊಳಗಿನ ಮನೆಬಾಡಿಗೆಯನ್ನು ಬೇರೆಯಾಗಿ ಭರಿಸುತ್ತಿದ್ದರು.

ಈ ಎರಡನೆಯ ನೆರವು ಪಡೆಯುತ್ತಿರುವ ಒಬ್ಬ ಹೆಣ್ಣುಮಗಳು ಕಚೇರಿ ಶುಚಿಗೊಳಿಸುವ ಕೆಲಸ ಹಿಡಿದು ತಿಂಗಳಿಗೆ 520 ಯೂರೊ ಗಳಿಸಿದಳು ಎನ್ನೋಣ. ಮೊದಲ 100 ಯೂರೊ ಪೂರ್ತಿ ಅವಳದು. ಉಳಿದ 420ರಲ್ಲಿ ಶೇ 20, ಅಂದರೆ 84 ಯೂರೊ ಮಾತ್ರ ಅವಳ ಕೈಯಲ್ಲಿ ಉಳಿಯುತ್ತದೆ. 336 ಯೂರೊ ಭತ್ಯೆಯಿಂದ ಕಡಿತವಾಗುತ್ತದೆ. ಆ ಉದ್ಯಮದಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 14.25 ಯೂರೊ. ಆ ಲೆಕ್ಕದಲ್ಲಿ ಸುಮಾರು 36 ಗಂಟೆ ದುಡಿದದ್ದಕ್ಕೆ ಹೆಚ್ಚುವರಿಯಾಗಿ ಸಿಕ್ಕಿದ್ದು 184 ಯೂರೊ, ಗಂಟೆಗೆ ಐದು ಯೂರೊ ಆಸುಪಾಸು. ಬ್ರಿಟನ್ನಿನಲ್ಲೂ ಸ್ಥಿತಿ ಬಹಳ ಬೇರೆಯಲ್ಲ. ಅಲ್ಲಿನ ‘ಯೂನಿವರ್ಸಲ್ ಕ್ರೆಡಿಟ್’ನಲ್ಲಿ ಮಕ್ಕಳ ಹೊಣೆಯಾಗಲಿ ಅನಾರೋಗ್ಯವಾಗಲಿ ಇಲ್ಲದವರು ಗಳಿಸಿದ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತವಾಗುತ್ತದೆ. 2021ರ ನವೆಂಬರ್‌ವರೆಗೂ ಅದು 63 ಪೆನ್ಸ್ ಇತ್ತು. ಶ್ರೀಮಂತರ ಆದಾಯಕ್ಕೂ ಇಷ್ಟು ತೆರಿಗೆ ಹಾಕದ ಸಮಾಜ ನೆಲ ಒರೆಸುವವರ ಗಳಿಕೆಯಲ್ಲಿ ಇಷ್ಟನ್ನು ಹಿಂತೆಗೆದುಕೊಂಡು, ಹಿಂಜರಿದವರನ್ನು ಸೋಮಾರಿ ಎನ್ನುವುದು ಯಾವ ನ್ಯಾಯ?

ಭತ್ಯೆಯನ್ನು ಪೂರ್ತಿ ಬಿಟ್ಟುಬಿಡುತ್ತೇನೆ ಎಂದರೂ ದಾರಿ ಸಲೀಸಲ್ಲ. ಜರ್ಮನಿಯಲ್ಲಿ ‘ಮಿನಿಜಾಬ್’ ಎನ್ನುವ ಸಣ್ಣ ಕೆಲಸದ ಗಳಿಕೆಗೆ 2025ರಲ್ಲಿದ್ದ ಮಿತಿ ತಿಂಗಳಿಗೆ 556 ಯೂರೊ. ಆ ಹಣದಲ್ಲಿ ಬಾಡಿಗೆಯೂ ಊಟವೂ ಸಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಆ ಕೆಲಸದಿಂದ ಆರೋಗ್ಯ ವಿಮೆ ಸಿಗುವುದಿಲ್ಲ, ನಾಳೆ ಅದೂ ಹೋದರೆ ನಿರುದ್ಯೋಗ ವಿಮೆಯ ಹಕ್ಕೂ ಹುಟ್ಟುವುದಿಲ್ಲ. ಗಂಡನದೋ ಹೆಂಡತಿಯದೋ ಸಂಬಳದ ಆಸರೆ ಇರುವವರು ಭತ್ಯೆಯನ್ನು ನಿರಾಕರಿಸಿ ಬದುಕಬಹುದು. ಒಂಟಿಯಾಗಿರುವವರಿಗೆ ಅದೇ ಆದರ್ಶವನ್ನು ಬೋಧಿಸುವುದು ನಿರ್ದಯೆ.

ಇಷ್ಟಾದರೂ ಅಂಥ ಅರೆಕಾಲಿಕ ಕೆಲಸ ಹಿಡಿಯುವುದು ಒಳ್ಳೆಯದು ಎಂದೇ ನನ್ನ ನಂಬಿಕೆ. ತಿಂಗಳುಗಟ್ಟಲೆ ಮನೆಯಲ್ಲಿ ಕೂತವರಿಗೆ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಬೇಕು, ಹೆಸರು ಹಿಡಿದು ಕರೆಯುವವರು ಬೇಕು, ಮುಂದಿನ ಸಂದರ್ಶನದಲ್ಲಿ ಹೇಳಿಕೊಳ್ಳಲು ಒಂದು ಅನುಭವ ಬೇಕು. ಅಲ್ಲದೆ, ಶುಚಿಗೊಳಿಸುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂಬ ತಾತ್ಸಾರ ಅಜ್ಞಾನದ್ದು. ಜರ್ಮನಿಯ ಕಟ್ಟಡಗಳಲ್ಲಿ ಕೆಲಸದವರ ಗಾಡಿಯ ಮೇಲೆ ಬಣ್ಣಬಣ್ಣದ ಬಟ್ಟೆಗಳಿರುತ್ತವೆ: ಕೆಂಪು ಶೌಚದ ಕುಂಡಕ್ಕೆ, ಹಳದಿ ಕೈತೊಳೆಯುವ ಬೇಸಿನ್ನಿಗೆ, ನೀಲಿ ಮೇಜು ಕುರ್ಚಿಗೆ. ಒಂದರ ಬಟ್ಟೆ ಇನ್ನೊಂದಕ್ಕೆ ತಾಗಿದರೆ ರೋಗಾಣು ಹರಡುತ್ತದೆ. ಯಾವ ನೆಲಕ್ಕೆ ಆಮ್ಲ ಸಲ್ಲದು, ಯಾವ ದ್ರಾವಣವನ್ನು ಯಾವುದರ ಜೊತೆ ಬೆರೆಸಬಾರದು ಎಂಬುದನ್ನೆಲ್ಲ ಕಲಿಸುವ ಮೂರು ವರ್ಷದ ತರಬೇತಿಯೇ ಅಲ್ಲಿದೆ.

ಇಂಥ ಕೆಲಸಕ್ಕೆ ತಕ್ಕ ಮರ್ಯಾದೆ, ತಕ್ಕ ಕೂಲಿ ಸಿಗಬೇಕಾದರೆ ಬೇಡ ಎನ್ನುವ ಶಕ್ತಿ ಕೆಲಸಗಾರರಿಗೆ ಇರಬೇಕು. ಮನೆಯಲ್ಲಿ ಒಲೆ ಉರಿಯುತ್ತದೆ ಎಂಬ ಭರವಸೆ ಇದ್ದವರು ಮಾತ್ರ ಎರಡು ಗಂಟೆಯ ಸಂಬಳಕ್ಕೆ ಮೂರು ಗಂಟೆ ದುಡಿಸುವ ಗುತ್ತಿಗೆದಾರನಿಗೆ ಆಗುವುದಿಲ್ಲ ಎನ್ನಬಲ್ಲರು. ಭತ್ಯೆ ಕಿತ್ತುಕೊಂಡರೆ ಗಟ್ಟಿಯಾಗುವುದು ಆ ಗುತ್ತಿಗೆದಾರನ ಕೈ.

ಕರ್ನಾಟಕಕ್ಕೂ ಈಗ ಈ ಪ್ರಶ್ನೆ ಹೊರಗಿನದಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡುತ್ತದೆ, ಅದೂ ಗರಿಷ್ಠ ಎರಡು ವರ್ಷ. ತಾನು ನಿರುದ್ಯೋಗಿ ಎಂದು ಫಲಾನುಭವಿಯೇ ಘೋಷಿಸಬೇಕು. ಕೆಲಸ ಸಿಕ್ಕರೆ ಭತ್ಯೆ ನಿಲ್ಲುತ್ತದೆ. ದಿನಕ್ಕೆರಡು ಗಂಟೆಯ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗಬಯಸುವ ಪದವೀಧರೆಗೆ ಇಂಥ ವ್ಯವಸ್ಥೆ ಉತ್ತೇಜನ ಕೊಡುವುದಿಲ್ಲ. ಜೊತೆಗೆ ನಮ್ಮಲ್ಲಿ ಪೊರಕೆಗೆ ಜಾತಿಯ ನಂಟು ಅಂಟಿಕೊಂಡಿದೆ. ಶರಣರ ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡು, ಲಂಚಕ್ಕೆ ಕೈಯೊಡ್ಡೆನೆಂದು ಸಾರಿದ ಸತ್ಯಕ್ಕನ ವಚನವನ್ನು ನಾವು ಪಠ್ಯದಲ್ಲಿ ಓದಿಸುತ್ತೇವೆ. ಓದಿದ ಮಕ್ಕಳು ಗುಡಿಸಲು ಹೊರಟರೆ ಮಾನ ಹೋಯಿತು ಎನ್ನುತ್ತೇವೆ. ತಲೆಮಾರುಗಳಿಂದ ಒಂದೇ ಸಮುದಾಯದ ಹೆಗಲಿಗೆ ಹೊರಿಸಿದ ಕೆಲಸದ ಬಗ್ಗೆ ‘ಎಲ್ಲ ಕೆಲಸವೂ ಸಮಾನ’ ಎಂದು ಹೇಳುವ ಹಕ್ಕು ಬರುವುದು, ಆ ಕೆಲಸಕ್ಕೆ ಎಲ್ಲ ಮನೆಗಳಿಂದಲೂ ಜನ ಬಂದಾಗ, ಬಂದವರಿಗೆಲ್ಲ ಬದುಕುವಷ್ಟು ಸಂಬಳ ಸಿಕ್ಕಾಗ.

ಆಗಬೇಕಾದ್ದು ಅಸಾಧ್ಯವೇನಲ್ಲ. ಗಳಿಸಿದ್ದರಲ್ಲಿ ಕನಿಷ್ಠ ಅರ್ಧ ಗಳಿಸಿದವರ ಕೈಯಲ್ಲೇ ಉಳಿಯಲಿ. ಗಳಿಕೆ ಏರಿದಂತೆ ಭತ್ಯೆ ನಿಧಾನವಾಗಿ ಇಳಿಯಲಿ, ಒಂದೇ ಏಟಿಗೆ ನಿಲ್ಲದಿರಲಿ. ಅರೆಕಾಲಿಕ ದುಡಿಮೆಯ ಪ್ರತಿ ಗಂಟೆಯೂ ವಿಮೆಯ ಲೆಕ್ಕಕ್ಕೆ ಸೇರಲಿ. ದುಡಿಯುವ ಮನಸ್ಸನ್ನು ಸರ್ಕಾರ ನಿಜವಾಗಿ ಗೌರವಿಸುತ್ತದೆಯೇ ಎಂಬುದು ತಿಳಿಯುವುದು ಭಾಷಣದಿಂದಲ್ಲ. ಎರಡು ಗಂಟೆ ದುಡಿದು ಬಂದವರ ಕೈಯಲ್ಲಿ ಅದು ಎಷ್ಟು ಉಳಿಸುತ್ತದೆ ಎಂಬುದರಿಂದ.