ಕಸರತ್ತಿಗೆ ಕಾಸು ಬೇಕಿಲ್ಲ

ನಮ್ಮ ಹುಡುಗರ ಮಾತಿನಲ್ಲಿ ಈಗ ಎರಡು ವಿಷಯ ತಪ್ಪದೆ ಬರುತ್ತವೆ. ಒಂದು ಸಿಇಟಿ, ಇನ್ನೊಂದು ಜಿಮ್. ಜಯನಗರ, ಬಿಟಿಎಂ ಲೇಔಟ್, ಜೆ.ಪಿ. ನಗರ, ಯಾವ ಮುಖ್ಯರಸ್ತೆ ಹಿಡಿದರೂ ಮೊದಲ ಮಹಡಿಯಲ್ಲಿ ಒಂದು ಜಿಮ್‌ನ ಬೋರ್ಡು ಕಾಣುತ್ತದೆ. ಅಲ್ಲಿ ತಿಂಗಳ ಫೀಸು, ಆಮೇಲೆ ಬೇರೆ ಬೂಟು, ಆಮೇಲೆ ಪ್ರೋಟೀನ್ ಪುಡಿಯ ಡಬ್ಬಿ. ಮನೆಯಲ್ಲಿ ಅಬ್ಬಾ ಆಟೋ ಓಡಿಸಿಯೋ, ಅಂಗಡಿಯಲ್ಲಿ ನಿಂತೋ ತರುವ ದುಡ್ಡಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ. ಹಾಗಾಗಿ ಕೆಲವರು ಹಟ ಮಾಡಿ ಕಾಸು ಪಡೆಯುತ್ತಾರೆ. ಹೆಚ್ಚಿನವರು ‘ಇದು ದುಡ್ಡಿರುವವರ ಕೆಲಸ’ ಎಂದು ಸುಮ್ಮನಾಗುತ್ತಾರೆ. ಎರಡೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಸದಾಗಿ ಶುರು ಮಾಡುವವರಿಗೆ ಮೊದಲ ಒಂದು ವರ್ಷ ಮನೆಯ ನೆಲ, ಪುಸ್ತಕದ ಬ್ಯಾಗು ಮತ್ತು ಅಡುಗೆಮನೆ ಸಾಕು. ನಮಗೆ ನಿಜವಾಗಿ ಇಲ್ಲದಿರುವುದು ಬೇರೆಯೇ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕನ್ನಡದಲ್ಲಿ ನಾವು ‘ಕಸರತ್ತು’ ಎನ್ನುತ್ತೇವೆ. ಅದು ನಮ್ಮ ಮನೆಮಾತಾದ ಉರ್ದುವಿನ ‘ಕಸ್ರತ್’. ಅರಬ್ಬಿಯಿಂದ ಬಂದ ಆ ಪದಕ್ಕೆ ವ್ಯಾಯಾಮ ಎಂಬ ಅರ್ಥವಿರುವಂತೆ ‘ಹೇರಳ, ಮೇಲಿಂದ ಮೇಲೆ’ ಎಂಬ ಅರ್ಥವೂ ಇದೆ. ಗುಟ್ಟೆಲ್ಲ ಈ ಪದದಲ್ಲೇ ಇದೆ. ಮೈ ಬೆಳೆಯುವುದು ಮೇಲಿಂದ ಮೇಲೆ ಮಾಡುವುದರಿಂದ, ಯಂತ್ರದಿಂದಲ್ಲ.

ಬೆಂಗಳೂರು, ಮೈಸೂರುಗಳ ಗರಡಿಮನೆಗಳಲ್ಲಿ ತಲೆಮಾರುಗಳಿಂದ ನಡೆದದ್ದೂ ಇದೇ. ಕೆಮ್ಮಣ್ಣಿನ ಮಟ್ಟಿ, ಕಲ್ಲಿನ ಗುಂಡು, ಮರದ ಗದೆ, ದಂಡ ಮತ್ತು ಬಸ್ಕಿ. ಅಲ್ಲಿ ಕಲಿಸುವವರನ್ನು ಇಂದಿಗೂ ‘ಉಸ್ತಾದ್’ ಎಂದೇ ಕರೆಯುತ್ತಾರೆ. ಕುಸ್ತಿ, ಪೈಲ್ವಾನ್ ಎಂಬ ಮಾತುಗಳೂ ಪಾರ್ಸಿಯಿಂದ ಬಂದವು. ಗರಡಿ ಯಾವುದೋ ಒಂದೇ ಸಮುದಾಯದ್ದಾಗಿರಲಿಲ್ಲ ಎಂಬುದಕ್ಕೆ ಈ ಪದಗಳೇ ಸಾಕ್ಷಿ. ದುಃಖವೆಂದರೆ ಶಾಲೆಗಳು ಬಸ್ಕಿಯನ್ನು ಶಿಕ್ಷೆ ಮಾಡಿಬಿಟ್ಟವು. ಹೋಂವರ್ಕ್ ಮಾಡದಿದ್ದರೆ ಬಸ್ಕಿ, ತಡವಾಗಿ ಬಂದರೆ ಬಸ್ಕಿ. ತೊಡೆಗೆ ಅಷ್ಟು ಒಳ್ಳೆಯ ವ್ಯಾಯಾಮ ನಮಗೆ ಅವಮಾನವಾಗಿ ಕಂಡಿತು. ಅದೇ ಬಸ್ಕಿಗೆ ‘ಸ್ಕ್ವಾಟ್’ ಎಂದು ಹೆಸರಿಟ್ಟು ದುಡ್ಡು ಕೇಳಿದರೆ ಕೊಡುತ್ತೇವೆ.

ಇನ್ನೊಂದು ಉದಾಹರಣೆ ನಮ್ಮ ಊರಿನದೇ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಹೆಸರು ಕನ್ನಡ ಲೆಕ್ಚರರ್ ಬಾಯಲ್ಲಿ ಕೇಳಿರುತ್ತೀರಿ. ಕೋಲಾರ ಜಿಲ್ಲೆಯಲ್ಲಿ 1897ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಹೆಸರಾಂತ ದೇಹದಾರ್ಢ್ಯ ಗುರು. ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ಇತ್ತು. ಅಲ್ಲಿಗೆ ಬರಲಾಗದ ದೂರದ ಶಿಷ್ಯರಿಗೆ ಅವರು ಅಂಚೆಯ ಮೂಲಕ ಪಾಠ ಹೇಳುತ್ತಿದ್ದರು. ಕಾಗದದಲ್ಲಿ ಬಂದ ಸೂಚನೆ ಓದಿ ಶಿಷ್ಯರು ತಮ್ಮ ತಮ್ಮ ಊರಿನಲ್ಲೇ ಅಭ್ಯಾಸ ಮಾಡಬೇಕಿತ್ತು. ಮೊಬೈಲ್ ಇಲ್ಲದ ಕಾಲದಲ್ಲಿ ಅಂಚೆಯಿಂದ ಆದದ್ದು ಈಗ ಯಾಕೆ ಆಗಬಾರದು?

ಮಾಡುವುದು ಹೇಗೆ? ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಅರ್ಧ ಗಂಟೆ. ನಾಲ್ಕೇ ಕೆಲಸ: ತಳ್ಳುವುದು, ಎಳೆಯುವುದು, ಕೂತು ಏಳುವುದು, ಹೊಟ್ಟೆ ಬಿಗಿ ಹಿಡಿಯುವುದು. ತಳ್ಳುವುದಕ್ಕೆ ಪುಷ್‌ಅಪ್. ನೆಲದ ಮೇಲೆ ಒಂದೂ ಬಾರದಿದ್ದರೆ ಗೋಡೆಗೆ ಕೈಕೊಟ್ಟು ಶುರುಮಾಡಿ, ಆಮೇಲೆ ಅಲುಗಾಡದ ಮೇಜಿನ ಅಂಚು, ಆಮೇಲೆ ನೆಲ. ಎಳೆಯುವುದಕ್ಕೆ ಪುಸ್ತಕ ತುಂಬಿದ ಬ್ಯಾಗು: ಬೆನ್ನು ನೇರವಿಟ್ಟು ಮುಂದೆ ಬಾಗಿ, ಬ್ಯಾಗನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳಿ. ಸಾಲದೆ ಬಂದರೆ ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ. ಒಂದು ಲೀಟರ್ ನೀರು ಒಂದು ಕಿಲೋ, ತಕ್ಕಡಿಯೂ ಬೇಕಿಲ್ಲ. ಕೂತು ಏಳುವುದಕ್ಕೆ ಬಸ್ಕಿ. ಹೊಟ್ಟೆಗೆ ಮೊಣಕೈ ಊರಿ ಪ್ಲಾಂಕ್.

ಪ್ಲಾಂಕ್ ಬಿಟ್ಟು ಉಳಿದವನ್ನು ಒಂದು ಸುತ್ತಿಗೆ ಎಂಟರಿಂದ ಹನ್ನೆರಡರಂತೆ ಮೂರು ಸುತ್ತು ಮಾಡಿ. ‘ಇನ್ನೆರಡು ಮಾತ್ರ ಆದೀತು’ ಅನ್ನಿಸಿದಾಗ ನಿಲ್ಲಿಸಿ. ಹದಿನೈದು ಸಲೀಸಾದ ದಿನ ಕಷ್ಟ ಹೆಚ್ಚಿಸಿ: ಬ್ಯಾಗಿಗೆ ಇನ್ನೊಂದು ಪುಸ್ತಕ ಹಾಕಿ, ಇಲ್ಲವೇ ಕೆಳಗಿಳಿಯುವಾಗ ಮೂರು ಎಣಿಸಿ. ಭಾರ ಕಬ್ಬಿಣದ್ದೋ ಫಿಸಿಕ್ಸ್ ಪುಸ್ತಕದ್ದೋ ಎಂದು ಸ್ನಾಯು ಕೇಳುವುದಿಲ್ಲ. ನಿನ್ನೆಗಿಂತ ಇಂದು ಸ್ವಲ್ಪ ಹೆಚ್ಚಾಯಿತೇ ಎಂಬುದಷ್ಟೇ ಅದಕ್ಕೆ ಲೆಕ್ಕ. ಇದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಮೊದಲ ತಿಂಗಳು ಬಲ ಹೆಚ್ಚುತ್ತದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಕಾಣಲು ಎರಡು ಮೂರು ತಿಂಗಳು ಬೇಕು. ಬಿಡುವವರೆಲ್ಲ ಬಿಡುವುದು ಈ ನಡುವೆಯೇ. ರಂಜಾನ್‌ನಲ್ಲಿ ಪೂರ್ತಿ ಬಿಡಬೇಡಿ; ಇಫ್ತಾರ್ ಆಗಿ ಸ್ವಲ್ಪ ಹೊತ್ತಿನ ನಂತರ ಅರ್ಧದಷ್ಟು ಮಾಡಿದರೂ ಗಳಿಸಿದ್ದು ಉಳಿಯುತ್ತದೆ.

ಇನ್ನು ಊಟ. ನಮ್ಮ ವಯಸ್ಸಿನ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ 46 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತದೆ ಐಸಿಎಂಆರ್. ಸ್ನಾಯು ಬೆಳೆಸುವವರಿಗೆ ತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು. ಅಂದರೆ 50 ಕಿಲೋ ಇರುವವರಿಗೆ 60ರಿಂದ 80 ಗ್ರಾಂ. ಲೆಕ್ಕ ಹಾಕೋಣ. ಎರಡು ಮೊಟ್ಟೆಯಲ್ಲಿ 12 ಗ್ರಾಂ, 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26, ಒಂದು ಹಿಡಿ ಬೇಳೆಯಲ್ಲಿ ಸುಮಾರು 10, ಅರ್ಧ ಲೀಟರ್ ಹಾಲಿನಲ್ಲಿ 16. ಇಷ್ಟಕ್ಕೇ 64 ಆಯಿತು. ಅನ್ನ, ಚಪಾತಿ, ಮುದ್ದೆಯದು ಇನ್ನೂ ಸೇರಿಲ್ಲ. ಬೇಳೆ, ಹಾಲು ಹೇಗೂ ಮನೆಗೆ ಬರುತ್ತವೆ. ಹೊಸ ಖರ್ಚು ಮೊಟ್ಟೆ ಮತ್ತು ಸೋಯಾಗೆ ಮಾತ್ರ.

ನಮ್ಮ ನಿಜವಾದ ಕೊರತೆ ಬೆಳಗಿನ ತಟ್ಟೆಯಲ್ಲಿದೆ. ಬೆಳಿಗ್ಗೆ ಚಾಯ್ ಮತ್ತು ಬನ್, ಮಧ್ಯಾಹ್ನ ಹೋಟೆಲಿನ ಕುಷ್ಕಾ, ಸಂಜೆ ಮತ್ತೆ ಚಾಯ್ ಮತ್ತು ದಿಲ್‌ಪಸಂದ್. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಕುಷ್ಕಾ ಬಿಡಿ ಎನ್ನುತ್ತಿಲ್ಲ, ಜೊತೆಗೆ ಒಂದು ಮೊಟ್ಟೆ ಇರಲಿ. ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಮೈ ಬೆಳೆಯುವುದು ನಿಲ್ಲುತ್ತದೆಯೇ? ಇನ್ನು ಮುಂದಿನದನ್ನು ನಾವೇ ನೋಡಿಕೊಳ್ಳಬೇಕು.

ಪುಡಿಯ ಡಬ್ಬಿಯ ಲೆಕ್ಕವನ್ನೂ ನೋಡಿ. ಒಂದು ಡಬ್ಬಿಗೆ ಎರಡು ಸಾವಿರ ರೂಪಾಯಿ ಎಂದುಕೊಳ್ಳೋಣ. ಮೊಟ್ಟೆ ಏಳು ರೂಪಾಯಿಯಂತೆ ಅದೇ ದುಡ್ಡಿಗೆ 285 ಮೊಟ್ಟೆ ಬರುತ್ತವೆ. ದಿನಕ್ಕೆ ಎರಡರಂತೆ ನಾಲ್ಕೂವರೆ ತಿಂಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ 17 ಆಹಾರ ಸೂತ್ರಗಳಲ್ಲಿ ಒಂದು, ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂಬುದೇ. ಇನ್ನು ‘ಬೇಗ ಆಗುತ್ತೆ’ ಎಂದು ಯಾರಾದರೂ ಮಾತ್ರೆಯೋ ಇಂಜೆಕ್ಷನ್ನೋ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟೆರಾಯ್ಡ್ ಈ ವಯಸ್ಸಿನಲ್ಲಿ ಎತ್ತರ ಬೆಳೆಯುವುದನ್ನೇ ನಿಲ್ಲಿಸಬಲ್ಲದು, ದೇಹದ ಸ್ವಂತ ಹಾರ್ಮೋನನ್ನು ಕೆಡಿಸುತ್ತದೆ.

ಜಿಮ್‌ಗೆ ಹೋಗುವವರು ಒಂದು ಮಾತು ಹೇಳುತ್ತಾರೆ: ಅಲ್ಲಿ ತಪ್ಪು ತಿದ್ದಲು ಒಬ್ಬರು ಇರುತ್ತಾರೆ, ಜೊತೆಗೆ ನಾಲ್ಕು ಜನ ಇರುತ್ತಾರೆ. ಈ ಮಾತು ನಿಜ. ಮೊದಲು ‘ಕೊನೆಗೆ ಹೇಳುತ್ತೇನೆ’ ಎಂದದ್ದು ಇದನ್ನೇ. ನಮಗಿಲ್ಲದ್ದು ಜಾಗ, ಜೊತೆ ಮತ್ತು ತಿದ್ದುವವರು. ಗುರಪ್ಪನಪಾಳ್ಯ, ತಿಲಕ್‌ನಗರ, ಯಾರಬ್‌ನಗರದ ಒಂದು ಕೋಣೆಯ ಮನೆಯಲ್ಲಿ ಆರು ಜನ ಮಲಗುವಾಗ ಪುಷ್‌ಅಪ್‌ಗೆ ಎಲ್ಲಿ ಜಾಗ? ಹುಡುಗರಾದರೆ ಪಾರ್ಕಿಗೋ ಮೈದಾನಕ್ಕೋ ಹೋದೇವು. ಹುಡುಗಿಯರು? ಬಹಳ ಮಂದಿಗೆ ತಾರಸಿಯೂ ಸಿಗುವುದಿಲ್ಲ. ಬಲ ಬೇಕಿರುವುದು ಅವರಿಗೂ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಮೂಳೆ ಗಟ್ಟಿಯಾಗುವ ವಯಸ್ಸೂ ಇದೇ.

ಆದ್ದರಿಂದ ಆಡಳಿತ ಮಂಡಳಿಗೂ ಪ್ರಿನ್ಸಿಪಾಲರಿಗೂ ಒಂದು ಮನವಿ. ಕೊನೆಯ ಪೀರಿಯಡ್ ಮುಗಿದ ಮೇಲೆ ಮುಕ್ಕಾಲು ಗಂಟೆ ಒಂದು ಖಾಲಿ ಕೋಣೆ ತೆರೆದಿಡಿ. ಮೂರು ದಿನ ಹುಡುಗಿಯರಿಗೆ, ಮಹಿಳಾ ಲೆಕ್ಚರರ್ ಒಬ್ಬರ ಉಸ್ತುವಾರಿಯಲ್ಲಿ. ಮೂರು ದಿನ ಹುಡುಗರಿಗೆ. ಪಿ.ಇ. ಸರ್ ಮೊದಲ ಎರಡು ವಾರ ಭಂಗಿ ತಿದ್ದಿಕೊಟ್ಟರೆ ಸಾಕು. ಹುಡುಗಿಯರಿಗೆ ಅದನ್ನೇ ಕಲಿಸಲು ಒಬ್ಬ ಮಹಿಳಾ ತರಬೇತುದಾರರನ್ನು ಎರಡು ವಾರ ಕರೆಸಬಹುದು. ಕ್ಯಾಂಟೀನಿನಲ್ಲಿ ಬೇಯಿಸಿದ ಮೊಟ್ಟೆಯೂ ಕಡಲೆ ಉಸಲಿಯೂ ಸಮೋಸಾದ ಪಕ್ಕದಲ್ಲಿ ಇರಲಿ. ಯಂತ್ರ ತರಿಸಿ ಎಂದು ಕೇಳುತ್ತಿಲ್ಲ.

ಗೆಳೆಯರಿಗೂ ಒಂದು ಮಾತು. ಬಲಿಷ್ಠ ವಿಶ್ವಾಸಿಯ ಬಗೆಗಿನ ಹದೀಸನ್ನು ಜಿಮ್ ಸ್ಟೇಟಸ್‌ಗಳಲ್ಲಿ ಹಾಕುವವರು ಬಹಳ. ಬಲಹೀನನಲ್ಲೂ ಒಳಿತಿದೆ ಎಂದು ಅದೇ ಹದೀಸ್ ಹೇಳುವುದನ್ನು ಹಾಕುವವರು ಕಡಿಮೆ. ಸಣಕಲು ಹುಡುಗ ಗೋಡೆಗೆ ಕೈಕೊಟ್ಟು ಪುಷ್‌ಅಪ್ ಮಾಡುವಾಗ ನಗಬೇಡಿ. ಪಕ್ಕದಲ್ಲಿ ನಿಂತು ಎಣಿಸಿ.