ಕರ್ನಾಟಕದ ಕಟ್ಟಡ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನ ಕಡಿತ

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ನೀಡುವ ಶೈಕ್ಷಣಿಕ ಸಹಾಯಧನವನ್ನು 2023ರ ಅಕ್ಟೋಬರ್ 30ರ ಅಧಿಸೂಚನೆಯ ಮೂಲಕ ತೀವ್ರವಾಗಿ ಇಳಿಸಿತು. ಘೋಷಿಸಿದ ವಿದ್ಯಾರ್ಥಿವೇತನವನ್ನು ನಿಧಿ ಭರಿಸಲಾರದೆ ಹೋದಾಗ ಹೊಣೆ ಯಾರದೆಂಬ ಪ್ರಶ್ನೆಯನ್ನು ಈ ಪ್ರಕರಣವು ಮುನ್ನೆಲೆಗೆ ತಂದಿತು.

ಹಿನ್ನೆಲೆ

1996ರ ಕೇಂದ್ರ ಕಾಯಿದೆಗಳ ಅನ್ವಯ ನಿರ್ಮಾಣ ವೆಚ್ಚದ ಮೇಲೆ ಶೇಕಡಾ 1ರಿಂದ 2ರವರೆಗೆ ಸುಂಕ ವಿಧಿಸಬಹುದಾಗಿತ್ತು. ಕರ್ನಾಟಕದಲ್ಲಿ ಇದು ಶೇಕಡಾ 1 ಆಗಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ನೋಂದಣಿಗೆ ಅರ್ಹರು. ಪಿಂಚಣಿ, ಅಪಘಾತ ಪರಿಹಾರ, ಹೆರಿಗೆ ನೆರವು, ಮಕ್ಕಳ ಶಿಕ್ಷಣ ಎಲ್ಲಕ್ಕೂ ಇದೇ ಸುಂಕದ ಹಣವೇ ಆಧಾರ.

2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಸಂಗ್ರಹವಾದ ಸುಮಾರು 37,400 ಕೋಟಿ ರೂಪಾಯಿಗಳಲ್ಲಿ ಸುಮಾರು 9,500 ಕೋಟಿ ಮಾತ್ರ ಕಾರ್ಮಿಕರಿಗೆ ಬಳಕೆಯಾಗಿದೆ ಎಂದು ಆಕ್ಷೇಪಿಸಿತ್ತು. ಕೆಲವೇ ವರ್ಷಗಳಲ್ಲಿ ಕರ್ನಾಟಕದಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. ಕೋವಿಡ್ ಕಾಲದಲ್ಲಿ ನೋಂದಾಯಿತರಿಗೆ 2020ರಲ್ಲಿ 5,000 ರೂ., 2021ರಲ್ಲಿ 3,000 ರೂ. ಪರಿಹಾರ ದೊರೆತು, ನೋಂದಣಿಯತ್ತ ಜನರ ಒಲವು ಹೆಚ್ಚಿತು. 2021ರಲ್ಲಿಯೇ ಸಹಾಯಧನದ ದರಗಳೂ ಏರಿದವು.

ಕಡಿತ ಮತ್ತು ಹೊಣೆಯ ವಿವಾದ

2023ರ ಅಧಿಸೂಚನೆಯಿಂದ ಕಾನೂನು, ವ್ಯವಹಾರ ನಿರ್ವಹಣೆ ಮುಂತಾದ ವ್ಯಾಸಂಗಗಳಿಗೆ 30,000 ರೂ. ಆಸುಪಾಸಿನಲ್ಲಿದ್ದ ವಾರ್ಷಿಕ ನೆರವು ಸುಮಾರು ಮೂರನೆಯ ಒಂದು ಭಾಗಕ್ಕೆ ಕುಸಿಯಿತು. ಕಾರ್ಮಿಕರಲ್ಲದವರೂ ಕಾರ್ಡು ಪಡೆದುದರಿಂದ ನಿಧಿಯ ಮೇಲೆ ಹೊರೆ ಬಿದ್ದಿದೆ ಎಂಬುದು ಸರ್ಕಾರದ ವಾದ. ನಕಲಿ ಕಾರ್ಡುಗಳನ್ನು ತಡೆಯುವುದು ಮಂಡಳಿಯ ಕರ್ತವ್ಯ. ಕಿಟ್, ಲ್ಯಾಪ್‌ಟಾಪ್ ಖರೀದಿಗಳನ್ನು ಬಿಟ್ಟು ಶಿಕ್ಷಣದ ಹಣವನ್ನೇ ಏಕೆ ಮೊಟಕುಗೊಳಿಸಬೇಕು ಎಂಬುದು ಕಾರ್ಮಿಕ ಸಂಘಟನೆಗಳ ಪ್ರಶ್ನೆ.

ಎರಡೂ ವಾದಗಳ ಹಿಂದೆ ಒಂದೇ ಲೋಪವಿದೆ. ಸುಂಕದ ಆದಾಯ ಆಯಾ ವರ್ಷದ ನಿರ್ಮಾಣ ಚಟುವಟಿಕೆಯನ್ನು ಅವಲಂಬಿಸುತ್ತದೆ. ವಿದ್ಯಾರ್ಥಿಗೆ ನೀಡಿದ ಭರವಸೆ ಮಾತ್ರ ಕೋರ್ಸು ಮುಗಿಯುವವರೆಗೂ ಉಳಿಯಬೇಕು. ಫಲಾನುಭವಿಗಳ ಸಂಖ್ಯೆಗೆ ಮಿತಿಯಿಲ್ಲದಿರುವಾಗ ದರವನ್ನು ಏರಿಸಿದರೆ ಕೊರತೆ ಅನಿವಾರ್ಯ.

ಪರಿಣಾಮ

ಹಳೆಯ ದರವನ್ನು ನಂಬಿ ಕಾಲೇಜು ಸೇರಿದ್ದ ಗಾರೆ ಕೆಲಸದವರ, ಬಣ್ಣ ಬಳಿಯುವವರ ಮಕ್ಕಳಿಗೆ ಶುಲ್ಕ ಕಟ್ಟುವುದು ಕಷ್ಟವಾಯಿತು. ಇಬ್ಬರು ವಿದ್ಯಾರ್ಥಿನಿಯರು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೋದರು. 2024ರಲ್ಲಿ ಏಕಸದಸ್ಯ ಪೀಠವು ಅವರ ಪರವಾಗಿ ತೀರ್ಪು ನೀಡಿತು. ಆದರೂ ನ್ಯಾಯಾಲಯದ ಮೆಟ್ಟಿಲೇರುವುದು ಎಲ್ಲ ಕುಟುಂಬಗಳಿಗೂ ಸಾಧ್ಯವಾಗುವ ಮಾತಲ್ಲ. ನಕಲಿ ನೋಂದಣಿಯಲ್ಲಿಯಾಗಲಿ ದರ ನಿಗದಿಯಲ್ಲಿಯಾಗಲಿ ಪಾತ್ರವಿಲ್ಲದ ವಿದ್ಯಾರ್ಥಿಗಳೇ ಕೊರತೆಯ ಭಾರವನ್ನು ಮೊದಲು ಹೊತ್ತರು. ನೋಂದಣಿಯ ಪರಿಶೀಲನೆ ದರ ಘೋಷಣೆಗೆ ಮುನ್ನವೇ ನಡೆಯಬೇಕು. ದರ ಬದಲಾದರೂ ಅದು ಹೊಸದಾಗಿ ಸೇರುವವರಿಗೆ ಮಾತ್ರ ಅನ್ವಯಿಸಬೇಕು ಎಂಬುದು ಈ ಪ್ರಕರಣದಿಂದ ಹೊರಡುವ ಪಾಠ.