ಬರ ಬರಲಿ ಎಂದು ಯಾವ ರೈತ ಬೇಡಿದ?

2023ರ ಡಿಸೆಂಬರ್ ತಿಂಗಳು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಸಮಾರಂಭವೊಂದರಲ್ಲಿ ಸಚಿವ ಶಿವಾನಂದ ಪಾಟೀಲರು ಒಂದು ಮಾತಾಡಿದರು. ಕೃಷ್ಣೆಯ ನೀರು ಪುಕ್ಕಟೆ, ಕರೆಂಟು ಪುಕ್ಕಟೆ, ಇನ್ನು ರೈತರಿಗೆ ಉಳಿದಿರುವ ಆಸೆ ಒಂದೇ, ಮೇಲಿಂದ ಮೇಲೆ ಬರ ಬರಲಿ, ಸಾಲ ಮನ್ನಾ ಆಗಲಿ ಎಂಬ ಅರ್ಥದ ಮಾತು ಅದು. ಹಾಗೆ ಹೇಳಿದವರು ಸಕ್ಕರೆ ಖಾತೆಯನ್ನೂ ಕೃಷಿ ಮಾರುಕಟ್ಟೆ ಖಾತೆಯನ್ನೂ ಹೊತ್ತ ಮಂತ್ರಿ. ವಿಜಯಪುರದಂಥ ಬರದ ಜಿಲ್ಲೆಯಿಂದ ಬಂದವರು.

ಇದು ಒಬ್ಬ ಮಂತ್ರಿಯ, ಒಂದು ಪಕ್ಷದ ನಾಲಿಗೆಯ ದೋಷವೆಂದು ನಾವು ಭಾವಿಸುವುದಿಲ್ಲ. 2021ರ ಏಪ್ರಿಲ್‌ನಲ್ಲಿ, ಬಿಜೆಪಿ ಸರ್ಕಾರದ ಕಾಲದಲ್ಲಿ, ಪಡಿತರದ ಅಕ್ಕಿ ಕಡಿಮೆಯಾಯಿತೆಂದು ಫೋನು ಮಾಡಿದ ರೈತ ಕಾರ್ಯಕರ್ತರೊಬ್ಬರು, ಅಲ್ಲಿಯವರೆಗೆ ನಾವು ಸಾಯಬೇಕೇ ಎಂದು ಕೇಳಿದಾಗ, ಸಾಯುವುದೇ ಒಳ್ಳೆಯದು ಎಂದು ಆಗಿನ ಆಹಾರ ಸಚಿವರು ಉತ್ತರಿಸಿದ್ದರು. ಅವರು ಹುಕ್ಕೇರಿಯ ಶಾಸಕ ಉಮೇಶ ಕತ್ತಿ. ಮುಖ್ಯಮಂತ್ರಿ ಯಡಿಯೂರಪ್ಪನವರು ವಿಷಾದ ವ್ಯಕ್ತಪಡಿಸಬೇಕಾಯಿತು. 2022ರಲ್ಲಿ ತೀರಿಕೊಂಡ ಕತ್ತಿಯವರು ಉತ್ತರ ಕರ್ನಾಟಕಕ್ಕೆ ಆಗುತ್ತಿರುವ ಅನ್ಯಾಯದ ಬಗ್ಗೆ ಜೀವನವಿಡೀ ಮಾತಾಡಿದವರು. ನಮ್ಮ ಪ್ರಶ್ನೆ ಇರುವುದೇ ಇಲ್ಲಿ. ಹಳ್ಳಿಯಲ್ಲೇ ಹುಟ್ಟಿ, ಮಣ್ಣಿನಲ್ಲೇ ಬೆಳೆದು, ರೈತರ ಮತದಿಂದಲೇ ಗೆದ್ದವರಿಗೆ ಬರ ಬಂದಾಗ ರೈತ ಬೇಡುವವನಂತೆ ಕಾಣುವುದೇಕೆ?

ಬರ ಬಂದರೆ ರೈತನಿಗೆ ಲಾಭವೇ? ಲೆಕ್ಕ ಹಾಕಿಯೇ ನೋಡೋಣ. ಮಳೆಯಾಶ್ರಿತ ಬೆಳೆ ಹಾಳಾದರೆ ಸರ್ಕಾರಿ ನಿಯಮದ ಪ್ರಕಾರ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಎಕರೆಗೆ ಹೆಚ್ಚುಕಡಿಮೆ 3,440, ಗುಂಟೆಗೆ 86 ರೂಪಾಯಿ. ಉಳುವ, ಬಿತ್ತುವ, ಕಳೆ ತೆಗೆಯುವ, ಗೊಬ್ಬರ ಹಾಕುವ ಖರ್ಚು ಇದರಲ್ಲಿ ಹುಟ್ಟುತ್ತದೆಯೇ ಎಂದು ಯಾವ ರೈತ ಹೆಣ್ಣುಮಗಳನ್ನಾದರೂ ಕೇಳಿ. ಈ ದುಡ್ಡಾದರೂ ಹೊತ್ತಿಗೆ ಬಂತೇ? ಬರ ಘೋಷಣೆಯಾದದ್ದು 2023ರ ಸೆಪ್ಟೆಂಬರ್‌ನಲ್ಲಿ. ರಾಜ್ಯ ಸರ್ಕಾರ ಮೊದಲ ಕಂತೆಂದು ಗರಿಷ್ಠ 2,000 ರೂಪಾಯಿ ಕೊಡಲು ಹೊರಟದ್ದು 2024ರ ಜನವರಿಯಲ್ಲಿ. ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ. ಅದಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಏಪ್ರಿಲ್ ಕೊನೆಗೆ, ಲೋಕಸಭಾ ಚುನಾವಣೆಯ ನಡುವೆ, ಬಿಡುಗಡೆಯಾದದ್ದು 3,454 ಕೋಟಿ. ಸಾಲದ ಅಸಲು ಮನ್ನಾ ಆಗಲೇ ಇಲ್ಲ. ದಿಲ್ಲಿ ಬೆಂಗಳೂರನ್ನು ಬೈಯಿತು, ಬೆಂಗಳೂರು ದಿಲ್ಲಿಯನ್ನು ಬೈಯಿತು. ಆ ಜಗಳ ಮುಗಿಯುವುದರೊಳಗೆ ಮುಂದಿನ ಮುಂಗಾರು ಬಾಗಿಲಿಗೆ ಬಂದಿತ್ತು. ಅದೇ 2024ರ ಜುಲೈನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿತು. ಆರು ತಿಂಗಳ ಹಿಂದೆ ಬರದ ಅರ್ಜಿ ಬರೆದವರು ಈಗ ನೆರೆಯ ಅರ್ಜಿ ಬರೆದರು.

ಹಾಗಾದರೆ ರೈತ ನಿಜವಾಗಿ ಬೇಡಿದ್ದೇನು? ಇದಕ್ಕೆ ಉತ್ತರ ನಮ್ಮ ಕಣ್ಣಮುಂದೆಯೇ ಇದೆ. 2025ರ ಅಕ್ಟೋಬರ್ ಕೊನೆಯಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಕಬ್ಬು ಬೆಳೆಗಾರರು ರಸ್ತೆಯಲ್ಲೇ ಉಂಡು, ರಸ್ತೆಯಲ್ಲೇ ಮಲಗಿದರು. ಅವರು ಸಾಲ ಮನ್ನಾ ಕೇಳಲಿಲ್ಲ, ಪುಕ್ಕಟೆ ಏನನ್ನೂ ಕೇಳಲಿಲ್ಲ. ತಾವು ಬೆಳೆದ ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಬೆಲೆ ಕೇಳಿದರು. ನವೆಂಬರ್ 7ರಂದು ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ನಾಕಾದಲ್ಲಿ ಹೆದ್ದಾರಿ ಬಂದ್ ಆಯಿತು, ಪೊಲೀಸರ ಮೇಲೆ ಕಲ್ಲುಗಳು ಬಿದ್ದವು. ಕಲ್ಲನ್ನು ನಾವು ಸಮರ್ಥಿಸುವುದಿಲ್ಲ, ಕಲ್ಲು ತಾಗಿದ ಪೇದೆಯೂ ಯಾವುದೋ ರೈತನ ಮಗನೇ ಆಗಿರುತ್ತಾನೆ. ಆದರೆ ಅಷ್ಟು ದಿನ ಶಾಂತವಾಗಿ ಕುಳಿತವರ ಮಾತು ಬೆಂಗಳೂರಿಗೆ ಕೇಳಿಸಲು ಹೆದ್ದಾರಿಯೇ ನಿಲ್ಲಬೇಕಾಯಿತಲ್ಲ, ಅದಕ್ಕೆ ಯಾರು ಹೊಣೆ? ಕೊನೆಗೆ ಅದೇ ದಿನ 3,300ಕ್ಕೆ ಒಪ್ಪಂದವಾಯಿತು. ಎಕರೆಗೆ 40 ಟನ್ ಬೆಳೆದವನಿಗೆ, ಕೇಳಿದ ಬೆಲೆಗೂ ಸಿಕ್ಕ ಬೆಲೆಗೂ ನಡುವಿನ ಅಂತರವೇ 8,000 ರೂಪಾಯಿ. ಒಣಗಿದ ಒಂದು ಎಕರೆಗೆ ಸರ್ಕಾರ ಕೊಡುವ ಪರಿಹಾರದ ಎರಡು ಪಟ್ಟಿಗೂ ಹೆಚ್ಚು! ಹೀಗಿರುವಾಗ ಬರಕ್ಕಾಗಿ ಹರಕೆ ಹೊರುವ ಹುಚ್ಚ ಯಾರಿದ್ದಾನೆ?

ಬರ ಬರೀ ಆಕಾಶದಿಂದ ಇಳಿಯುವುದಿಲ್ಲ ಎಂಬುದನ್ನು ತಿಳಿಯಲು ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರೆ ಇಲ್ಲ. ಬರ ಎದುರಿಸಲೆಂದು ಬ್ರಿಟಿಷರು ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಮುಗಿಸಿದ್ದು 1897ರಲ್ಲಿ. ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲ್ಲೂಕಿನಲ್ಲೇ ಹಿಡಕಲ್ ಜಲಾಶಯ ಎದ್ದಿತು, ಅದರ ಸಾಮರ್ಥ್ಯ 51 ಟಿಎಂಸಿ. ಅದಕ್ಕಾಗಿ ಇದೇ ತಾಲ್ಲೂಕಿನ ಜನ ಹೊಲ, ಮನೆ, ಗುಡಿ ಮುಳುಗಿಸಿಕೊಂಡರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಹಳೆಯ ಗುಡಿ ಹೊರಗೆ ಕಾಣಿಸಿಕೊಳ್ಳುತ್ತದೆ, ಜನ ಹೋಗಿ ಕೈಮುಗಿದು ಬರುತ್ತಾರೆ. ಮುಳುಗಿದ ದೇವರು ಕಂಡರೆ ಅದು ನೀರು ತಳ ಕಂಡಿದೆ ಎಂಬ ಸುದ್ದಿಯೂ ಹೌದು. ಇದೇ ನೀರನ್ನು ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಒಯ್ಯುವ ಯೋಜನೆಯ ವಿರುದ್ಧ 2025ರಲ್ಲಿ ಬೆಳಗಾವಿ ಜಿಲ್ಲೆಯವರು ಬೀದಿಗಿಳಿದರು. ನೀರು ಯಾರಿಗೆ ಎಷ್ಟು ಎಂಬುದನ್ನು ಮೊದಲು ಅವರನ್ನು ಕೇಳಿ ತೀರ್ಮಾನಿಸಿದ್ದರೆ ಬೀದಿಗಿಳಿಯುವ ಅಗತ್ಯವೇ ಇರುತ್ತಿರಲಿಲ್ಲ.

ಇನ್ನೊಂದು ಕಹಿ ಮಾತನ್ನೂ ಆಡಲೇಬೇಕು. ಜೋಳ ಕೇಳುವ ನೀರಿನ ಮೂರು-ನಾಲ್ಕು ಪಟ್ಟು ನೀರು ಕಬ್ಬಿಗೆ ಬೇಕು. ಕಾಲುವೆಯ ಕೊನೆಯ ಊರಿಗೆ ನೀರು ತಲುಪದಿರುವುದಕ್ಕೂ, ಕೊಳವೆಬಾವಿಗಳು ವರ್ಷ ವರ್ಷ ಇನ್ನಷ್ಟು ಆಳಕ್ಕೆ ಇಳಿಯುವುದಕ್ಕೂ ಇದಕ್ಕೂ ಸಂಬಂಧವಿದೆ. ಹಾಗೆಂದು ರೈತನನ್ನು ದುರಾಸೆಯವನೆನ್ನುವುದು ಸುಲಭ. ಆದರೆ ಜೋಳ, ಕಡಲೆ, ಶೇಂಗಾ ಬೆಳೆದವನಿಗೆ ಕೊಳ್ಳುವವನ ಖಾತ್ರಿ ಇಲ್ಲ, ಕಬ್ಬು ಬೆಳೆದರೆ ತಡವಾದರೂ ಕಾರ್ಖಾನೆ ಇದೆ. ಆ ಕಾರ್ಖಾನೆಗಳ ಒಡೆಯರು ಯಾರು? ಬೆಲ್ಲದ ಬಾಗೇವಾಡಿಯ ವಿಶ್ವರಾಜ ಶುಗರ್ಸ್ ಕತ್ತಿ ಕುಟುಂಬದ್ದು, ಸತೀಶ ಶುಗರ್ಸ್ ಜಾರಕಿಹೊಳಿ ಕುಟುಂಬದ್ದು. ಒಬ್ಬರದು ಬಿಜೆಪಿಯ ಮನೆತನ, ಮತ್ತೊಬ್ಬರು ಹತ್ತರಗಿ ಸೀಮೆಯ ಯಮಕನಮರಡಿ ಕ್ಷೇತ್ರವನ್ನು 2008ರಿಂದ ಕಾಂಗ್ರೆಸ್ಸಿನಿಂದ ಪ್ರತಿನಿಧಿಸುತ್ತಿರುವವರು. ಕಾರ್ಖಾನೆ ನಡೆಸುವುದು ಅಪರಾಧವಲ್ಲ. ಆದರೆ ಕಬ್ಬು ಕೊಳ್ಳುವವನೂ, ಕಬ್ಬಿನ ಬೆಲೆಯ ಬಗ್ಗೆ ಸದನದಲ್ಲಿ ಮಾತಾಡಬೇಕಾದವನೂ ಒಬ್ಬನೇ ಆದಾಗ ತಕ್ಕಡಿ ಹಿಡಿದವರು ಯಾರು ಎಂದು ಕೇಳುವ ಹಕ್ಕು ನಮಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಚುನಾವಣೆಗೆ ಈ ಎರಡೂ ಮನೆತನಗಳು ಪಣತೊಟ್ಟು ಬಡಿದಾಡಿದ್ದನ್ನು ಜಿಲ್ಲೆಯೇ ನೋಡಿತು. ಆ ಹುರುಪಿನ ಅರ್ಧವಾದರೂ ಕಾಲುವೆಯ ಕೊನೆಯ ಹಳ್ಳಿಯ ನೀರಿಗಾಗಿ ಕಂಡದ್ದುಂಟೇ?

ಬರ ಬಂದಾಗ ನಮ್ಮ ನಾಯಕರ ಕಾಳಜಿ ಕಾಣಿಸಿಕೊಳ್ಳುವ ರೀತಿ ಎಲ್ಲರಿಗೂ ಗೊತ್ತಿರುವುದೇ. ಟ್ಯಾಂಕರಿನ ಮೇಲೆ ಫೋಟೋ, ಮೇವಿನ ಗಾಡಿಗೆ ಹಸಿರು ನಿಶಾನೆ, ಸಮುದಾಯ ಭವನಕ್ಕೆ ಭೂಮಿಪೂಜೆ, ಸಾಮೂಹಿಕ ವಿವಾಹದಲ್ಲಿ ಅಕ್ಷತೆ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಎಂದು ಹಿರಿಯರು ಕೇಳಿದ್ದರು. ಈಗ ದೊಣ್ಣೆನಾಯಕ ಅಪ್ಪಣೆಯ ಜೊತೆಗೆ ಹಾರವನ್ನೂ ಕೇಳುತ್ತಾನೆ. ಜನರ ತೆರಿಗೆಯ ದುಡ್ಡಿನ ನೀರು ಜನರ ಕೊಡಕ್ಕೆ ಬೀಳುವಾಗ ಅದು ಯಾರೋ ಮಾಡಿದ ಉಪಕಾರವಾಗಿ ಬದಲಾಗುತ್ತದೆ. ಇದೇ ಬರದ ರಾಜಕಾರಣ.

ನಾಯಕರಿಗಿಂತ ಊರಿಗೆ ಬರ ಎದುರಿಸುವುದು ಚೆನ್ನಾಗಿ ಗೊತ್ತು. ಮಳೆ ಹೋದಾಗ ಹುಡುಗರು ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು ಹೊತ್ತು ತಿರುಗುತ್ತಾರೆ. ಮನೆಮನೆಯ ತಾಯಂದಿರು, ತಮಗೇ ನೀರಿಲ್ಲದಿದ್ದರೂ, ಒಂದು ತಂಬಿಗೆ ಸುರಿದು ಹಿಟ್ಟು, ಕಾಳು ಕೊಡುತ್ತಾರೆ. ಈದ್ಗಾದಲ್ಲಿ ಮುಸ್ಲಿಮರು ಮೇಲಂಗಿ ತಿರುವಿ ಹಾಕಿಕೊಂಡು ಮಳೆಗಾಗಿ ನಮಾಜು ಮಾಡುತ್ತಾರೆ. ಮೋಡ ಬಂದರೆ ಯಾರ ಹೊಲವೆಂದು ಕೇಳಿ ಸುರಿಯುವುದಿಲ್ಲ, ಅದಕ್ಕೇ ಯಾರ ಪ್ರಾರ್ಥನೆಯನ್ನೂ ಊರು ಬೇರೆಯವರದೆಂದು ನೋಡಿದ್ದಿಲ್ಲ. ಜನರ ಪ್ರಾರ್ಥನೆ ಜನರದು. ಆದರೆ ಸರ್ಕಾರವೇ ಪ್ರಾರ್ಥನೆಗೆ ಕುಳಿತರೆ? 2017ರಲ್ಲಿ ಜಲಸಂಪನ್ಮೂಲ ಸಚಿವ ಎಂ.ಬಿ. ಪಾಟೀಲರು ತಲಕಾವೇರಿಯಲ್ಲಿ ಪರ್ಜನ್ಯ ಹೋಮ ಮಾಡಿಸಿದರು. 2019ರ ಜೂನ್‌ನಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ಮಾಡಿಸಲು ಆದೇಶವೇ ಹೊರಟಿತು. ಎರಡೇ ತಿಂಗಳಲ್ಲಿ ಗೋಕಾಕ ನೆರೆಯಲ್ಲಿ ಮುಳುಗಿತು. ದೇವರಲ್ಲಿ ಮೊರೆಯಿಡಲು ಜನರಿದ್ದಾರೆ, ಹೂಳು ತೆಗೆಸಲು, ಕಾಲುವೆಯ ಸೋರಿಕೆ ತಡೆಯಲು ಸರ್ಕಾರವಲ್ಲದೆ ಬೇರೆ ಯಾರಿದ್ದಾರೆ?

ಈ ಗಡಿಸೀಮೆಯ ಕೀರ್ತನಕಾರರು ಇಂದಿಗೂ ಹೇಳುವ ಕಥೆ ದಾಮಾಜಿಪಂತನದು. ಮಂಗಳವೇಢೆಯಲ್ಲಿ ಬಿದರಿನ ಸುಲ್ತಾನನ ಅಧಿಕಾರಿಯಾಗಿದ್ದವನು ದಾಮಾಜಿ. ಬರಗಾಲದಲ್ಲಿ ಜನ ಸಾಯುವುದನ್ನು ನೋಡಲಾರದೆ, ಶಿಕ್ಷೆಯಾಗುತ್ತದೆಂದು ಗೊತ್ತಿದ್ದೂ ಸರ್ಕಾರಿ ಕಣಜದ ಬಾಗಿಲು ತೆಗೆದ. ಅವನ ಸಾಲ ತೀರಿಸಲು ವಿಠ್ಠಲನೇ ದಲಿತನ ವೇಷದಲ್ಲಿ ಬಿದರಿಗೆ ಹೋದ ಎಂದು ಕಥೆ ಮುಗಿಯುತ್ತದೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಜನ ನೂರಾರು ವರ್ಷ ನೆನಪಿಟ್ಟುಕೊಂಡ ಅಧಿಕಾರಿ ಕಣಜ ತೆರೆದವನು, ಕಣಜದ ಮುಂದೆ ನಿಂತು ಹಸಿದವರ ಆಸೆಬುರುಕತನದ ಬಗ್ಗೆ ಭಾಷಣ ಮಾಡಿದವನಲ್ಲ. ನಮಗೆ ಮುಖ್ಯವಾದದ್ದು ಅದು.

ಆದ್ದರಿಂದ ನಾವು ಕೇಳುವುದು ಕರುಣೆಯನ್ನಲ್ಲ, ಲೆಕ್ಕವನ್ನು. ಜಲಾಶಯದಿಂದ ಹೊಲಕ್ಕೆ, ಕಾರ್ಖಾನೆಗೆ, ನಗರಕ್ಕೆ ಎಷ್ಟು ನೀರು ಹೋಯಿತೆಂದು ಪ್ರತಿ ತಿಂಗಳೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿರಿ. ಬರದ ಪರಿಹಾರವನ್ನು ಬಿತ್ತನೆಯ ಖರ್ಚಿನೊಂದಿಗೆ ಜೋಡಿಸಿರಿ, ಬೆಳೆ ಒಣಗಿದ ಹಂಗಾಮಿನಲ್ಲೇ ಕೊಡಿರಿ. ಜೋಳ, ಕಡಲೆ ಬೆಳೆದವನಿಗೂ ಕೊಳ್ಳುವವನ ಖಾತ್ರಿ ಕೊಡಿರಿ, ಆಗ ಕಬ್ಬು ಬಿಡೆಂದು ಅವನಿಗೆ ಹೇಳುವ ಯೋಗ್ಯತೆ ನಿಮಗೆ ಬರುತ್ತದೆ. ಕಾರ್ಖಾನೆಯ ಒಡೆತನವಿರುವ ಜನಪ್ರತಿನಿಧಿ ಕಬ್ಬಿನ ಬೆಲೆ ನಿಗದಿಯಾಗುವ ಸಭೆಯಿಂದ ಹೊರಗಿರಲಿ. ಇದಾವುದನ್ನೂ ಮಾಡದೆ ರೈತ ಬರವನ್ನು ಬಯಸುತ್ತಾನೆ ಎನ್ನುವವರಿಗೆ ನಮ್ಮದೊಂದೇ ಮಾತು. ಬರ ಬಂದರೆ ಮತ್ತೆ ಮತ್ತೆ ಲಾಭವಾಗುವುದು ಯಾರಿಗೆಂದು ಹುಡುಕಬೇಕಿದ್ದರೆ ರೈತನ ಮನೆಗೆ ಹೋಗಬೇಡಿ, ಅಲ್ಲಿ ಒಲೆಯೂ ತಣ್ಣಗಿರುತ್ತದೆ. ಟ್ಯಾಂಕರಿನ ಬಿಲ್ಲು ಯಾರ ಹೆಸರಿಗೆ ಬರೆಯಲಾಗಿದೆ, ಅದನ್ನು ನೋಡಿ.